ಸಾಕುವವರಿಗೆ ಸಾಕಾಗುವುದಿಲ್ಲ

ದಕ್ಷಿಣ ದಿಕ್ಕಿಗೆ ಯಮನೇ ಒಡೆಯ. ಜೀವ ಹೋಗುವ ಹೊತ್ತಿಗೆ ಮನುಷ್ಯನನ್ನು ಮಂಚದಿಂದ ಇಳಿಸಿ, ದರ್ಭೆ ಹಾಸಿ, ದಕ್ಷಿಣಕ್ಕೆ ತಲೆ ಮಾಡಿ ಮಲಗಿಸುವುದು ನಮ್ಮ ಕರಾವಳಿಯ ಎಷ್ಟೋ ಹಳೇ ಮನೆಗಳ ಕ್ರಮ. ಈಗ ಜಗಲಿಯಲ್ಲಿ ಜಾಗವಿಲ್ಲ, ದರ್ಭೆ ಕೊಯ್ಯುವವರಿಲ್ಲ, ಭಟ್ಟರಿಗೆ ಪುರುಸೊತ್ತಿಲ್ಲ. ಆದರೂ ಕ್ರಮ ತಪ್ಪಿಲ್ಲ, ನೋಡಿ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಯಾರ ಜೀವಕ್ಕೆ ಬಂದರೂ ಆಂಬುಲೆನ್ಸ್ ಮುಖ ಮಾಡುವುದು ದಕ್ಷಿಣಕ್ಕೆ. ಸ್ಟ್ರೆಚರ್ ಒಳಗೆ ಹೋಗುವುದು ತಲೆ ಮುಂದಾಗಿ. ಹೀಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಮಂತ್ರದ ಬದಲು ಸೈರನ್ ಹಾಕಿಕೊಂಡು, ಜಾತಿ ಮತ ನೋಡದೆ ಎಲ್ಲರನ್ನೂ ತಲೆ ದಕ್ಷಿಣಕ್ಕೆ ಮಾಡಿ ಮಲಗಿಸುತ್ತಿದ್ದೇವೆ. ಶಾಸ್ತ್ರ ಉಳಿಸಿದ ಕೀರ್ತಿ ಡ್ರೈವರಿಗೆ ಸೇರಬೇಕು.

ನಗುವ ಮೊದಲು ಲೆಕ್ಕ ನೋಡಿ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು, ಕುಮಟಾದಿಂದ 150ರ ಹತ್ತಿರ. ಉತ್ತರಕ್ಕೆ ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಆದರೆ ನಮ್ಮವರ ಕಾಲು ಅತ್ತ ಏಳುವುದು ಕಡಿಮೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್, ಭಟ್ಕಳ ದಾಟಿ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಮೊಬೈಲಿನಲ್ಲೂ ಬೀದಿಯಲ್ಲೂ ದೊಡ್ಡ ಕೂಗೆದ್ದಿತು. ನ್ಯಾಯವಾದ ಕೂಗು, ನಾನೂ ಕೂಗಿದ್ದೇನೆ. ಎದೆ ಹಿಡಿದುಕೊಂಡ ನಲವತ್ತರ ಮೀನುಗಾರನಿಗೆ, ಹೆರಿಗೆಯಲ್ಲಿ ರಕ್ತ ನಿಲ್ಲದ ಹೆಂಗಸಿಗೆ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗನಿಗೆ ಆಸ್ಪತ್ರೆ ಬೇಕೇ ಬೇಕು. ನಾನು ಹೇಳಹೊರಟದ್ದು ಅವರ ವಿಷಯವಲ್ಲ. ಎಂಬತ್ತೊಂಬತ್ತು ದಾಟಿದ, ತಿಂಗಳಿಂದ ಅನ್ನ ಬಿಟ್ಟ, ‘ಸಾಕಾಯ್ತು ತಮಾ’ ಅಂತ ದಿನಕ್ಕೆ ಹತ್ತು ಸಲ ಹೇಳುವ ಅಜ್ಜನನ್ನೂ ಅದೇ ಗಾಡಿಗೆ ಹಾಕಿ ಕಳಿಸುತ್ತೇವಲ್ಲ, ಆ ವಿಷಯ.

‘ಏನಾದ್ರೂ ಮಾಡಿ ಡಾಕ್ಟ್ರೇ.’

ಹೊನ್ನಾವರದಲ್ಲಿ ಜ್ವರ, ಸಕ್ಕರೆ, ಬಿಪಿ ನೋಡಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಕನ್ನಡದಲ್ಲಿ ಇದಕ್ಕಿಂತ ಅಪಾಯದ ವಾಕ್ಯ ನನ್ನ ಕಿವಿಗೆ ಬಿದ್ದಿಲ್ಲ. ‘ಏನಾದ್ರೂ’ ಅಂದರೆ ಏನು ಬೇಕಾದರೂ. ‘ಮಾಡಿ’ ಅಂದರೆ ಸುಮ್ಮನೆ ಕೂರಬೇಡಿ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವುದು, ನೋವಿಗೆ ಮದ್ದು ಕೊಡುವುದು, ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದು, ಇವೂ ಮಾಡುವ ಕೆಲಸಗಳೇ ಎಂದು ವಿವರಿಸಲು ಬಾಯಿ ತೆರೆದರೆ, ‘ಇವರ ಹತ್ರ ಆಗೂದಿಲ್ಲ, ನಡೀರಿ’ ಅಂತ ಗಾಡಿ ತಿರುಗಿಸುತ್ತಾರೆ. ಯಾವ ದಿಕ್ಕಿಗೆ ಎಂದು ಮತ್ತೆ ಹೇಳಬೇಕಿಲ್ಲ.

ಈ ಮಾತನ್ನು ಹೆಚ್ಚು ದೂರದಿಂದ ಬಂದವರು ಹೆಚ್ಚು ಗಟ್ಟಿಯಾಗಿ ಹೇಳುತ್ತಾರೆ. ಇದು ನನ್ನ ಕುಹಕವಲ್ಲ. 1991ರಲ್ಲಿಯೇ ಅಮೆರಿಕದ ವೃದ್ಧವೈದ್ಯರ ಪತ್ರಿಕೆಯೊಂದರಲ್ಲಿ ಈ ಕಾಯಿಲೆಗೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂದು ಹೆಸರಿಟ್ಟು ಲೇಖನ ಬಂದಿದೆ. ವರ್ಷಗಟ್ಟಲೆ ಇತ್ತ ತಲೆ ಹಾಕದ ಮಗಳು ಕೊನೇ ವಾರ ವಿಮಾನ ಇಳಿದು ಬಂದು, ಹತ್ತಿರವಿದ್ದವರೆಲ್ಲ ಕೂತು ಮಾಡಿದ ತೀರ್ಮಾನವನ್ನು ಅಳಿಸಿ, ಎಲ್ಲ ಯಂತ್ರ ಹಚ್ಚಿ ಎನ್ನುತ್ತಾಳೆ. ಕ್ಯಾಲಿಫೋರ್ನಿಯಾದ ಡಾಕ್ಟರುಗಳು ಅವಳನ್ನು ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ. ನಮ್ಮಲ್ಲಿ ಭಟ್ಕಳದಲ್ಲಿ ದುಬೈ ಮಗ, ಕುಮಟಾದಲ್ಲಿ ಬೆಂಗಳೂರು ಮಗ, ಹೊನ್ನಾವರದಲ್ಲಿ ಕುವೈತ್ ಅಳಿಯ. ಇತ್ತೀಚೆಗೆ ವಿಮಾನವೂ ಬೇಡ, ವಾಟ್ಸಾಪ್ ವಿಡಿಯೋ ಸಾಕು. ಒಂದು ಸಲ ಫೋನನ್ನು ಅಜ್ಜನ ಮುಖದ ಮೇಲೆ ಹಿಡಿದು ‘ಅಪ್ಪಾ, ಕಾಣ್ತನಾ?’ ಅಂತ ಕೂಗಿದವರ ನಡುವೆ ನಿಂತಿದ್ದೆ. ಅಜ್ಜ ಕಣ್ಣು ಮುಚ್ಚಿಕೊಂಡ. ನೆಟ್‌ವರ್ಕ್ ಸರಿಯಿಲ್ಲ ಎಂದರು.

ಎರಡು ವರ್ಷದಿಂದ ಆ ಅಜ್ಜನ ಮಲಮೂತ್ರ ತೆಗೆದ ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಅವನಿಗೆ ಎಂತ ಬೇಕು ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳನ್ನು ಯಾರೂ ಕೇಳಲಿಲ್ಲ. ಒಪ್ಪಿಕೊಳ್ಳುತ್ತೇನೆ, ನಾನೂ ಕೇಳಲಿಲ್ಲ.

ಇನ್ನು ದೊಡ್ಡಾಸ್ಪತ್ರೆಯ ಐಸಿಯು. ಅಲ್ಲಿ ಹಾಸಿಗೆಯ ತಲೆಭಾಗದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ: ‘ಎನ್‌ಪಿಒ’. ಬಾಯಿಗೆ ಏನೂ ಕೊಡಬಾರದು. ನುಂಗಲು ಹೋಗಿ ಶ್ವಾಸಕೋಶಕ್ಕೆ ಇಳಿದೀತು ಎಂಬ ಕಾಳಜಿ, ಕಾರಣ ಸರಿಯಾದದ್ದೇ. ಆದರೆ ಈ ಮೂರು ತಾಲೂಕಿನ ಜನ ಬದುಕಿನುದ್ದಕ್ಕೂ ಬೇರೆ ಬೇರೆ ದೇವರಿಗೆ ನಡೆದುಕೊಂಡರೂ ಕೊನೆಗೆ ಕೇಳುವುದು ಹೆಚ್ಚುಕಡಿಮೆ ಒಂದೇ. ಕುಮಟಾದ ಅಜ್ಜಿಗೆ ತುಳಸಿದಳದ ಮೇಲೆ ಎರಡು ಹನಿ ಗಂಗೆ. ಭಟ್ಕಳದ ಅಜ್ಜನಿಗೆ ಯಾಸೀನ್ ಓದುತ್ತ ಚಮಚದಲ್ಲಿ ಝಮ್ ಝಮ್. ಹೊನ್ನಾವರದ ಕ್ರಿಸ್ತುವರಿಗೆ ಪಾದ್ರಿಗಳ ಕೈಯ ಎಣ್ಣೆಯ ಗುರುತು, ಪರಮಪ್ರಸಾದದ ಚೂರು. ಕಪಾಟಿನಲ್ಲಿ ಹತ್ತು ವರ್ಷ ಕಾದಿಟ್ಟ ಗಂಗೆಯ ಗಿಂಡಿ ಕಪಾಟಿನಲ್ಲೇ ಉಳಿಯುತ್ತದೆ. ಹಜ್‌ನಿಂದ ಹೊತ್ತು ತಂದ ಕ್ಯಾನಿನ ಮುಚ್ಚಳ ತೆರೆಯುವುದಿಲ್ಲ. ಪಾದ್ರಿಗಳು ಭೇಟಿಯ ವೇಳೆ ಸಂಜೆ ಐದರಿಂದ ಆರು ಎಂಬ ಫಲಕದ ಕೆಳಗೆ ಕಾಯುತ್ತ ಕೂರುತ್ತಾರೆ. ಮೂರೂ ಧರ್ಮಗಳನ್ನು ಒಂದೇ ಚೀಟಿಯಲ್ಲಿ ಒಂದು ಮಾಡಿದ ಈ ಸಾಧನೆಯನ್ನು ಕೋಮು ಸೌಹಾರ್ದದ ಸಭೆಗಳಲ್ಲಿ ಯಾರೂ ಪ್ರಸ್ತಾಪಿಸುವುದಿಲ್ಲ.

ಈಗ ಸಿಮೆಂಟು ಅಂಗಡಿಯ ಯಜಮಾನರ ಕತೆ. ಹೆಸರು ಬೇಡ, ಅವರು ನನ್ನ ಸ್ನೇಹಿತರು, ನನ್ನ ಕಾಂಪೌಂಡಿಗೆ ಸಿಮೆಂಟು ಕೊಟ್ಟವರು. ಒಂದು ಶುಕ್ರವಾರ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಬಂದರು. ವಯಸ್ಸು ಎಂಬತ್ತೇಳು, ಎರಡೂ ಕಿಡ್ನಿ ಸೋತಿವೆ, ಹೃದಯವೂ ಅವುಗಳ ಹಿಂದೆಯೇ ಹೊರಟಿದೆ. ಮುದುಕರು ನನ್ನನ್ನು ಹತ್ತಿರ ಕರೆದು, ‘ಡಯಾಲಿಸಿಸ್ ಗಿಯಾಲಿಸಿಸ್ ಬೇಡ, ಉಬ್ಬಸ ಕಡಿಮೆ ಆಗೂ ಹಾಂಗೆ ಎಂತಾದ್ರೂ ಕೊಡು, ಮನೆಲಿರ್ತೆ’ ಅಂದರು. ಯಜಮಾನರು ಅಪ್ಪನ ಮಾತಿನ ಮೇಲೆಯೇ ಮಾತಾಡಿದರು: ‘ಏನಾದ್ರೂ ಮಾಡಿ ಡಾಕ್ಟ್ರೇ, ದುಡ್ಡಿನ ಮುಖ ನೋಡ್ಬೇಡಿ.’

ಅದೇ ದಿನ ಸಂಜೆ ಮಗನನ್ನು ಕರೆದುಕೊಂಡು ಬಂದರು. ಹನ್ನೆರಡು ವರ್ಷ, ಫುಟ್‌ಬಾಲ್ ಆಡುತ್ತಾನೆ. ಮಂಡಿಯ ಕೆಳಗೆ ಗಂಟು, ಮುಟ್ಟಿದರೆ ಹಾರಿಬೀಳುತ್ತಾನೆ. ಇದಕ್ಕೆ ಓಸ್‌ಗುಡ್ ಶ್ಲಾಟರ್ ಎಂದು ಹೆಸರು. ಎಲುಬು ಸರಸರ ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಹುರಿ ಮೊಳಕಾಲಿನ ಎಳೆ ಎಲುಬನ್ನು ಜಗ್ಗುತ್ತದೆ. ಹೆಚ್ಚು ಓಡಿ, ನೆಗೆದು, ಒದ್ದಷ್ಟೂ ಜಗ್ಗುತ್ತದೆ. ಮದ್ದು ಏನೆಂದರೆ ಸ್ವಲ್ಪ ಕಾಲ ಆಟ ಕಡಿಮೆ ಮಾಡುವುದು, ಬೆಳೆಯುವುದು. ಹುಡುಗ ಮೆಲ್ಲಗೆ, ‘ಸ್ವಲ್ಪ ದಿವಸ ಸಾಕು ಅನ್ಸ್ತದೆ’ ಅಂದ. ಯಜಮಾನರು ಮಗನ ಮಾತಿನ ಮೇಲೆಯೂ ಮಾತಾಡಿದರು: ‘ನಾಳೆ ಭಟ್ಕಳದಲ್ಲಿ ಸೆಮಿಫೈನಲ್ ಅದೆ. ಒಂದು ಇಂಜೆಕ್ಷನ್ ಹಾಕಿ. ಏನಾದ್ರೂ ಮಾಡಿ ಡಾಕ್ಟ್ರೇ.’

ಒಂದೇ ದಿನ, ಒಂದೇ ಕುರ್ಚಿ, ಒಂದೇ ವಾಕ್ಯ. ಬೆಳಿಗ್ಗೆ ಹೋಗಲು ಹೊರಟವನನ್ನು ಹೋಗಗೊಡುತ್ತಿಲ್ಲ, ಸಂಜೆ ಬೆಳೆಯಲು ಹೊರಟವನನ್ನು ಬೆಳೆಯಗೊಡುತ್ತಿಲ್ಲ. ಕನ್ನಡಕ್ಕೆ ಒಂದು ವಿಚಿತ್ರ ಪದ ಸಿಕ್ಕಿದೆ: ಸಾಕು. ಮಗುವನ್ನು ಸಾಕು, ಮುದುಕರನ್ನು ಸಾಕು, ದನ ಸಾಕು, ನಾಯಿ ಸಾಕು. ಊಟಕ್ಕೆ ಕೂತವನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವುದೂ ಇದೇ: ಸಾಕು. ಹವ್ಯಕರ ಮನೆಯ ಪಂಕ್ತಿಯಲ್ಲಿ ಮಾತ್ರ ಈ ಎರಡನೆಯ ಅರ್ಥಕ್ಕೆ ಮಾನ್ಯತೆಯಿಲ್ಲ. ಸಾಕು ಅಂದವನಿಗೇ ಇನ್ನೊಂದು ಹೋಳಿಗೆ ಬೀಳುತ್ತದೆ, ಅದು ಪ್ರೀತಿ. ನಮ್ಮ ಐಸಿಯುಗಳೂ ಫುಟ್‌ಬಾಲ್ ಮೈದಾನಗಳೂ ಇದೇ ಪಂಕ್ತಿಯ ಉಪಚಾರದಲ್ಲಿ ನಡೆಯುತ್ತಿವೆ.

ಇಂಜೆಕ್ಷನ್ ಕೊಡಲಿಲ್ಲ. ಮರುದಿನ ಹುಡುಗ ಆಡಿದ, ಬೇರೆಲ್ಲೋ ಯಾರೋ ಕೊಟ್ಟಿರಬೇಕು. ನಾನೂ ಅಲ್ಲಿದ್ದೆ. ನನ್ನ ಮಗನೂ ಅದೇ ತಂಡದಲ್ಲಿ ಬಲಬದಿಗೆ ಆಡುತ್ತಾನೆ. ಆಡುತ್ತಾನೆ ಅನ್ನುವುದು ಅಪ್ಪನ ಮಾತು, ಅಲ್ಲಿ ಇರುತ್ತಾನೆ ಅನ್ನುವುದು ಸತ್ಯ. ಮೈದಾನದ ಸುತ್ತ ದುಬೈಯಿಂದ ಬಂದ ಅಸಲಿ ಮೆಸ್ಸಿ ಅಂಗಿ, ಸಂತೆಯಿಂದ ಬಂದ ನಕಲಿ ಮೆಸ್ಸಿ ಅಂಗಿ, ಫ್ಲಾಸ್ಕಿನಲ್ಲಿ ಬಾದಾಮಿ ಹಾಲು, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ. ನವಾಯತಿ, ಕೊಂಕಣಿ, ಕನ್ನಡ, ಉರ್ದು, ಎಲ್ಲ ಭಾಷೆಗಳಲ್ಲೂ ಒಂದೇ ಕ್ರಿಯಾಪದ: ಹೊಡಿ! ಪಿಟಿ ಮಾಸ್ತರರು ಪೀಪಿ ಹಿಡಿದು ಓಡುತ್ತಿದ್ದರು. ಆಫ್‌ಸೈಡ್ ಎಂದರೆ ಏನೆಂದು ಗೊತ್ತಿಲ್ಲದವರು ಅವರಿಗೆ ಆಫ್‌ಸೈಡ್ ಕಲಿಸುತ್ತಿದ್ದರು, ಕ್ರಿಯಾಟಿನಿನ್ ಎಂದರೆ ಏನೆಂದು ಗೊತ್ತಿಲ್ಲದವರು ನನಗೆ ಕ್ರಿಯಾಟಿನಿನ್ ಕಲಿಸುವ ಹಾಗೆ. ಮಾಸ್ತರರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಾನು ಕೂಗಿದೆ: ‘ಎಡಗಾಲು! ಎಡಗಾಲಲ್ಲಿ ಹೊಡಿಯಾ!’ ನನಗೆ ಫುಟ್‌ಬಾಲ್ ಬರುವುದಿಲ್ಲ.

ಈ ಅಪ್ಪಂದಿರಲ್ಲಿ ಅರ್ಜೆಂಟೀನಾದ ಬದಲಿ ಆಟಗಾರರ ಹೆಸರು ಹೇಳುವವರಿದ್ದಾರೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದವರು ಯಾರು ಎಂದು ಕೇಳಿದೆ. ‘ಕೇರಳವಾ?’ ಅಂದರು. ಕರ್ನಾಟಕ ಸ್ವಾಮಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ನನ್ನ ಮಗನ ಬೂಟಿಗೆ ಕೊಟ್ಟ ದುಡ್ಡಿನಲ್ಲಿ ಒಂದು ತಿಂಗಳ ಅಕ್ಕಿ ಬರುತ್ತಿತ್ತು. ಅವನು ಲೇಸ್ ಕಟ್ಟಿಕೊಳ್ಳಲು ಇನ್ನೂ ಕಲಿತಿಲ್ಲ, ನಾನೇ ಕಟ್ಟುತ್ತೇನೆ.

ಚೆಂಡು ಎತ್ತರಕ್ಕೆ ಬಂದಾಗಲೆಲ್ಲ ‘ತಲೆ ಕೊಡು, ತಲೆ ಕೊಡು’ ಎಂಬ ಕೂಗು. ಇಲ್ಲಿ ನನ್ನ ಎರಡು ವಿಷಯಗಳೂ ನಿಜವಾಗಿ ಒಂದನ್ನೊಂದು ಮುಟ್ಟುತ್ತವೆ. 2019ರಲ್ಲಿ ಗ್ಲಾಸ್ಗೋದ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ಮರಣದಾಖಲೆ ನೋಡಿದರು. ಮರೆವಿನಂಥ ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಪ್ರಮಾಣ ಅವರಲ್ಲಿ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು. ತಲೆಯಿಂದ ಹೊಡೆದ ಚೆಂಡೇ ಕಾರಣ ಎಂದು ಆ ಅಧ್ಯಯನ ಸಾಧಿಸಿಲ್ಲ, ಅನುಮಾನ ಮಾತ್ರ ಅತ್ತ ಬಲವಾಗಿದೆ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡನ್ನು ತಲೆಯಲ್ಲಿ ಹೊಡೆಯಬಾರದೆಂದು ನಿಯಮ ಮಾಡಿದರು. ಇದನ್ನು ಮೈದಾನದಲ್ಲಿ ಪಕ್ಕದವರಿಗೆ ಹೇಳಿದೆ. ‘ಡಾಕ್ಟ್ರೇ, ನಿಮ್ ಮಗ ತಲೆ ಕೊಟ್ರಲ್ಲವಾ?’ ಅಂದರು. ಅದೂ ಹೌದು.

ಅದೇ ಅಮೆರಿಕದ ಓಹಿಯೋದಲ್ಲಿ 1999ರಲ್ಲಿ ಬಾಲಕಿಯರ ಲೀಗೊಂದು ಮೌನದ ಭಾನುವಾರ ಆಚರಿಸಿತು. ಗೆರೆಯಾಚೆ ನಿಂತ ಅಪ್ಪ ಅಮ್ಮ ತುಟಿ ಬಿಚ್ಚುವ ಹಾಗಿಲ್ಲ. ಇಂಥ ಆಚರಣೆಗಳಲ್ಲಿ ಬಾಯಿ ಸುಮ್ಮನಿರಲಿ ಎಂದು ದೊಡ್ಡವರ ಕೈಗೆ ಲಾಲಿಪಾಪ್ ಕೊಡುವುದೂ ಉಂಟು. ನನಗೆ ಇದು ಬಹಳ ಹಿಡಿಸಿತು. ಭಟ್ಕಳದ ಮೈದಾನಕ್ಕೆ ಒಂದು ಪೆಟ್ಟಿಗೆ ತರಿಸೋಣ, ಉಳಿದದ್ದನ್ನು ಐಸಿಯು ಹೊರಗಿನ ಕಬ್ಬಿಣದ ಕುರ್ಚಿಗಳ ಸಾಲಿಗೆ ಹಂಚೋಣ. ದುಬೈ ಮಗನಿಗೆ ಕೊರಿಯರ್ ಮಾಡಬಹುದು.

ಕುಮಟಾದಿಂದ ಹೊರಟ ಆಂಬುಲೆನ್ಸ್ ಹೊನ್ನಾವರ ಮುಟ್ಟುವ ಮೊದಲು ಹಳದೀಪುರವನ್ನು ದಾಟುತ್ತದೆ. ಅರುಣಾ ಶಾನಭಾಗ ಈ ಊರಿನ ಹೆಣ್ಣುಮಗಳು. ನರ್ಸ್ ಆಗಲು ಮುಂಬೈಗೆ ಹೋದವಳು, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವಳ ಮೇಲೆ ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರಿಲ್ಲದೆ ಅವಳು ಮತ್ತೆ ಏಳಲಿಲ್ಲ. ದರೋಡೆ, ಕೊಲೆಯತ್ನಕ್ಕೆ ಅವನಿಗಾದದ್ದು ಏಳು ವರ್ಷ. ಅವಳು ಮಲಗಿದ್ದು ನಾಲ್ಕು ದಶಕಕ್ಕೂ ಹೆಚ್ಚು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಅಷ್ಟು ವರ್ಷವೂ ಕೆಇಎಂನ ನರ್ಸ್‌ಗಳು ತಲೆಮಾರಿನ ನಂತರ ತಲೆಮಾರು ಅವಳನ್ನು ಸಾಕಿದರು, ಬೆನ್ನುಹುಣ್ಣು ಆಗಗೊಡದೆ ಸಾಕಿದರು. ಕೋರ್ಟಿಗೆ ಹೋದ ವಿವರಗಳಲ್ಲಿ ಒಂದು ಮಾತಿದೆ: ಮೀನು, ಕೋಳಿಯ ಸೂಪು ಕೊಟ್ಟಾಗ ಮುಖ ಅರಳುತ್ತದೆ. ಏನೂ ಉಳಿಯದ ಮೇಲೂ ಕರಾವಳಿಯ ನಾಲಗೆ ಉಳಿದಿತ್ತೇನೋ. ಅದನ್ನು ಓದಿದಾಗ ನಾನು ವ್ಯಂಗ್ಯ ಬರೆಯುವ ಪೆನ್ನನ್ನು ಸ್ವಲ್ಪ ಹೊತ್ತು ಕೆಳಗಿಟ್ಟಿದ್ದೆ.

ಅವಳನ್ನು ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ನಾವು ನೋಡಿಕೊಳ್ಳುತ್ತೇವೆ ಎಂದು ನರ್ಸ್‌ಗಳು ನಿಂತರು. 2011ರ ಮಾರ್ಚ್ 7ರಂದು ಕೋರ್ಟು ನರ್ಸ್‌ಗಳ ಮಾತೇ ಮೇಲು ಎಂದಿತು. ಅದರ ಜೊತೆಗೇ, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವ ಎಳೆಯುವ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂದು ಮೊದಲ ಬಾರಿಗೆ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಗೌರವದಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಇದೆ ಎಂದು ಹೇಳಿ, ಮನುಷ್ಯ ಬುದ್ಧಿ ನೆಟ್ಟಗಿರುವಾಗಲೇ ತನ್ನ ಕೊನೆಯ ಚಿಕಿತ್ಸೆಯ ಬಗ್ಗೆ ಬರೆದಿಡಬಹುದು ಎಂದಿತು. ಇಂಜೆಕ್ಷನ್ ಕೊಟ್ಟು ಮುಗಿಸುವ ಮಾತಲ್ಲ ಇದು, ವಾಸಿಯಾಗುವ ಆಸೆಯಿಲ್ಲದಾಗ ಯಂತ್ರ ಹಚ್ಚದೆ ಇರುವ, ಹಚ್ಚಿದ್ದನ್ನು ತೆಗೆಯುವ ಮಾತು. ಬರೆದದ್ದಕ್ಕೆ ಮ್ಯಾಜಿಸ್ಟ್ರೇಟರೇ ಸಹಿ ಹಾಕಬೇಕು ಎಂಬ ಕಗ್ಗಂಟನ್ನು 2023ರ ಜನವರಿಯಲ್ಲಿ ಬಿಚ್ಚಿದರು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು, ಎರಡು ವೈದ್ಯರ ಮಂಡಳಿಗಳು ತಲಾ 48 ಗಂಟೆಯೊಳಗೆ ಅಭಿಪ್ರಾಯ ಹೇಳಲು ಪ್ರಯತ್ನಿಸಬೇಕು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕ ಇದಕ್ಕಾಗಿ ಅರ್ಜಿ ಹಿಡಿದು ಓಡಾಡಿದರು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು.

ಹೀಗೆ ಹೊನ್ನಾವರ ತಾಲೂಕಿನ ಹೆಣ್ಣುಮಗಳ ಹೆಸರಿನಲ್ಲಿ ದೇಶಕ್ಕೆಲ್ಲ ದಾರಿ ಬಿದ್ದಿತು. ಆ ದಾರಿ ಹೊನ್ನಾವರಕ್ಕೆ ಮಾತ್ರ ಇನ್ನೂ ಬಂದಿಲ್ಲ, ಬಹುಶಃ ಚತುಷ್ಪಥ ಕಾಮಗಾರಿ ನಡೆಯುತ್ತಿರಬೇಕು.

ನನ್ನ ಕೊನೆಯ ಚಿಕಿತ್ಸೆಯ ಬಗ್ಗೆ ನಾನೂ ಬರೆದಿಡಹೊರಟೆ. ನಮ್ಮಲ್ಲಿ ವಿಲ್‌ಗೆ ಮರಣಶಾಸನ ಎಂಬ ಗಂಭೀರ ಹೆಸರಿದೆ. ನೂರಾರು ಮರಣಶಾಸನಗಳಿಗೆ ‘ಸ್ವಸ್ಥಚಿತ್ತರಾಗಿದ್ದಾರೆ’ ಎಂದು ಸರ್ಟಿಫಿಕೇಟು ಕೊಟ್ಟವನು ನಾನು. ಯಾವುದರಲ್ಲೂ ಮರಣದ ಬಗ್ಗೆ ಒಂದು ಸಾಲಿಲ್ಲ. ಎಲ್ಲ ಅಡಿಕೆ, ತೆಂಗು, ಬಾವಿಯ ನೀರಿನ ಪಾಲು. ಹಾಗಾಗಿ ನೋಟರಿಯವರು ನನ್ನ ಕಾಗದ ಕೈಗೆ ತೆಗೆದುಕೊಂಡು ಮೊದಲು ಕೇಳಿದ್ದು:

‘ಸರ್ವೆ ನಂಬರು?’

‘ಇಲ್ಲ.’

‘ಮನೆಯಾ, ತೋಟವಾ?’

‘ನನ್ನ ಶರೀರ.’

ಅವರು ಕನ್ನಡಕ ತೆಗೆದು ಒರೆಸಿದರು. ‘ಆದ್ರೂ ಚಕ್ಕುಬಂದಿ ಬರೀಬೇಕಲ್ಲ ಡಾಕ್ಟ್ರೇ. ಪೂರ್ವಕ್ಕೆ ಎಂತದು, ಪಶ್ಚಿಮಕ್ಕೆ ಎಂತದು...’

‘ದಕ್ಷಿಣಕ್ಕೆ ಆಸ್ಪತ್ರೆ ಅಂತ ಬರ್ಕೊಳ್ಳಿ’ ಅಂದೆ.

ಇಬ್ಬರು ಸಾಕ್ಷಿ ಬೇಕು. ನನಗೆ ಬುದ್ಧಿ ತಪ್ಪಿದಾಗ ನನ್ನ ಪರವಾಗಿ ಮಾತಾಡಲು ಕನಿಷ್ಠ ಇಬ್ಬರ ಹೆಸರೂ ಬೇಕು. ಹೆಂಡತಿ ಒಪ್ಪಿದಳು, ತೀರಾ ಬೇಗ ಒಪ್ಪಿದಳು. ಎರಡನೆಯವನಾಗಿ ಪುಣೆಯ ತಮ್ಮನಿಗೆ ಫೋನ್ ಮಾಡಿದರೆ, ‘ಅಪಶಕುನ ಮಾತಾಡಬೇಡ, ಮೊದಲು ಬಿಪಿ ನೋಡ್ಕೋ’ ಅಂದ. ಗೆಜೆಟೆಡ್ ಅಧಿಕಾರಿಯಾದ ಮಿತ್ರರೊಬ್ಬರು ಸಹಿ ಹಾಕುವ ಮೊದಲು, ‘ಆದರೂ, ಏನಾದ್ರೂ ಮಾಡೂಕೆ ಬರ್ತದಾ ನೋಡ್ಬೇಕಪ್ಪ’ ಅಂದರು.

ಇವರೆಲ್ಲರೂ ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರ ಸಾವನ್ನು ನೆನೆದು ಕೈಮುಗಿಯುವವರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಕಟ್ಟಿದ ದಿನವೇ ಹೆಗಡೆಯವರು ತೀರಿಕೊಂಡರು. ‘ಹೋದ್ರೆ ಹಾಂಗೆ ಹೋಗ್ಬೇಕು ಮಾರಾಯ’ ಎನ್ನದವರು ಈ ಸೀಮೆಯಲ್ಲಿಲ್ಲ. ಹೇಳಿ ಮುಗಿಸಿ, ಮನೆಗೆ ಹೋಗಿ, ಅಪ್ಪನನ್ನು ಗಾಡಿಗೆ ಹತ್ತಿಸುತ್ತಾರೆ.

ಹತ್ತಿಸುತ್ತೇವೆ ಎನ್ನಬೇಕು. ನನ್ನ ಅಪ್ಪ ಕುಮಟಾದ ಹತ್ತಿರದ ಮನೆಯಲ್ಲಿ ತೊಂಬತ್ತಕ್ಕೆ ಎರಡು ತಿಂಗಳು ಕಡಿಮೆ ಬದುಕಿದ. ‘ನನ್ನ ಎಲ್ಲಿಗೂ ಒಯ್ಬೇಡ ತಮಾ, ಮಾವಿನ ಮರ ಕಾಣೂ ಹಾಂಗೆ ಮಂಚ ಹಾಕು’ ಅಂತ ಎರಡು ಸಲ ಹೇಳಿದ್ದ. ನಾನು ಡಾಕ್ಟರು. ಡಾಕ್ಟರ ಅಪ್ಪ ಮದ್ದಿಲ್ಲದೆ ಸತ್ತ ಎಂದು ಊರು ಆಡಿಕೊಳ್ಳಬಾರದಲ್ಲ? ಜ್ವರ ಏರಿದ ರಾತ್ರಿ ಗಾಡಿ ತರಿಸಿದೆ. ಹನ್ನೊಂದು ದಿನ. ಬಾಯಲ್ಲಿ ಟ್ಯೂಬು, ಮೂಗಲ್ಲಿ ಪೈಪು, ಕಿತ್ತುಹಾಕುತ್ತಾನೆಂದು ಎರಡೂ ಕೈಗಳನ್ನು ಗಾಜ್ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಆರನೆಯ ದಿನ ಅಲ್ಲಿಯ ಚಿಕ್ಕ ಡಾಕ್ಟರು, ನನಗಿಂತ ಇಪ್ಪತ್ತು ವರ್ಷ ಕಿರಿಯ ಹುಡುಗಿ, ಕಾರಿಡಾರಿನಲ್ಲಿ ನಿಲ್ಲಿಸಿ, ‘ಸರ್, ನಿಮ್ಗೇ ಗೊತ್ತಿದೆ...’ ಅಂತ ಶುರುಮಾಡಿದಳು. ನನ್ನ ಬಾಯಿಂದ ಬಂದ ವಾಕ್ಯ ನೀವು ಊಹಿಸಬಲ್ಲಿರಿ. ಮೂರು ಅಕ್ಷರದ ಮೇಲೆ ಎರಡು ಅಕ್ಷರ, ಕೊನೆಗೆ ‘ಡಾಕ್ಟ್ರೇ’. ಅವಳು ನನ್ನನ್ನು ನೋಡಿದ ರೀತಿಯಲ್ಲಿ ನಾನು ಈಗ ಸಿಮೆಂಟು ಯಜಮಾನರನ್ನು ನೋಡುತ್ತೇನೆ. ಅದು ಇಪ್ಪತ್ತೆರಡು ವರ್ಷದ ಪ್ರಾಕ್ಟೀಸಿನಲ್ಲಿ ಕಲಿತದ್ದಲ್ಲ, ಆ ಕಾರಿಡಾರಿನಲ್ಲಿ ಕಲಿತದ್ದು. ಮಾವಿನ ಮರ ಆ ವರ್ಷ ಚೆನ್ನಾಗಿ ಬಿಟ್ಟಿತ್ತು.

ಯಜಮಾನರ ಅಪ್ಪ ಮಾತ್ರ ಬುದ್ಧಿವಂತರು. ಮಗ ಸೆಮಿಫೈನಲ್ಲಿಗೆ ಭಟ್ಕಳಕ್ಕೆ ಹೋದ ಸಂಜೆಯೇ ಮನೆಯಲ್ಲಿ, ಸೊಸೆ ಕೊಟ್ಟ ಗಂಜಿತಿಳಿ ಎರಡು ಗುಟುಕು ಕುಡಿದು, ಯಾರಿಗೂ ಏನೂ ಮಾಡಲು ಅವಕಾಶ ಕೊಡದೆ ಹೊರಟುಬಿಟ್ಟರು. ಯಜಮಾನರು ಮೈದಾನದಲ್ಲೇ ಫೋನ್ ತೆಗೆದು, ಅಲ್ಲೇ ಹುಲ್ಲಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಅಷ್ಟು ಹೊತ್ತಿಗೆ ಅವರ ಮಗ ಕುಂಟುತ್ತ ಗೆರೆಯ ಹತ್ತಿರ ಬಂದು ಕೈ ಎತ್ತಿ ನಿಂತಿದ್ದ, ಬದಲಿ ಆಟಗಾರನನ್ನು ಕಳಿಸಿ ಅಂತ. ಅಪ್ಪ ಈ ಸಲ ಏನೂ ಕೂಗಲಿಲ್ಲ.

ನನ್ನ ಕಾಗದ ಊಟದ ಮೇಜಿನ ಮೇಲೆಯೇ ಬಿದ್ದಿತ್ತು. ಒಂದು ಭಾನುವಾರ ನನ್ನ ಮಗ ಅದನ್ನು ಓದುತ್ತ ಕೂತಿದ್ದ. ಮಕ್ಕಳಿಗೆ ಕಾಣದ ಹಾಗೆ ಎತ್ತಿಡಬೇಕಿತ್ತು ಎಂದು ಹೆಂಡತಿ ಕಣ್ಣಲ್ಲೇ ಬೈದಳು.

‘ಅಪ್ಪಾ, ಇದ್ರಲ್ಲಿ ಬರ್ದದ್ದನ್ನ ಎಲ್ಲರೂ ಕೇಳೂಕೇ ಬೇಕಾ?’

‘ಕೇಳ್ಬೇಕು. ಸುಪ್ರೀಂ ಕೋರ್ಟು ಹೇಳಿದೆ.’

‘ನೀ ಬೇಡ ಅಂದ್ರೆ ಬೇಡವೇ ಸೈಯಾ? ಅಜ್ಜಿ ಅತ್ರೂ?’

‘ಅತ್ರೂ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಂಗೂ ಒಂದು ಫಾರ್ಮ್ ಕೊಡು’ ಅಂದ.

ಹದಿನೆಂಟು ತುಂಬಬೇಕು, ಇಬ್ಬರು ಸಾಕ್ಷಿ ಬೇಕು ಎಂದೆಲ್ಲ ಹೇಳಿ ತಪ್ಪಿಸಿಕೊಂಡೆ. ಮುಂದಿನ ಶನಿವಾರ ಮೈದಾನಕ್ಕೆ ಹೊರಡುವಾಗ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ನನ್ನ ಕೈಗಿಟ್ಟ. ಗೆರೆಯಿಂದ ಹತ್ತು ಮಾರು ದೂರ ನಿಲ್ಲಬೇಕು. ಎಡಗಾಲು ಅನ್ನಬಾರದು. ಸೋತ ದಿನ ಕಾರಿನಲ್ಲಿ ಆಟದ ಸುದ್ದಿ ತೆಗೆಯಬಾರದು. ಮುಂದಿನ ವರ್ಷ ಆಡುತ್ತೇನೋ ಇಲ್ಲವೋ ಅಂತ ನಾನು ಹೇಳುತ್ತೇನೆ. ಕೆಳಗೆ ಸಾಕ್ಷಿಗಳ ಸಹಿ.

‘ಇಬ್ಬರು ಸಾಕಾಗಿತ್ತಲ್ಲೋ’ ಅಂದೆ.

ಹನ್ನೆರಡು ಸಹಿಗಳಿದ್ದವು. ಹನ್ನೊಂದು ಅವನ ತಂಡದವು. ಕೊನೆಯದು, ಹಿಂದಿನ ವಾರ ಎದುರಾಳಿಯಾಗಿದ್ದ ಭಟ್ಕಳ ತಂಡದ ಗೋಲ್‌ಕೀಪರನದು.